ಆಷಾಢದಲ್ಲಿ ಕೊಂಡ ಧಾರೆ ಸೀರೆ

ನನ್ನ ವಾರಗಿತ್ತಿಯ ಮೇಲೆ ನನಗಿರುವ ಹೊಟ್ಟೆಕಿಚ್ಚು ಇವತ್ತು ನಿನ್ನೆಯದಲ್ಲ. ಪಣಕಹಳ್ಳಿಗೆ ನಾನು ಸೊಸೆಯಾಗಿ ಬಂದ ವರ್ಷವೇ ಹುಟ್ಟಿ, ನನ್ನ ಮಗಳಿಗಿಂತ ಮೊದಲು ನಡೆಯಲು ಕಲಿತ ಕಿಚ್ಚು ಅದು. ಅವಳು ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತೇನೆ, ನನ್ನ ಮಗಳು ದೊಡ್ಡವ್ವ ಎನ್ನುತ್ತಾಳೆ. ಒಂದೇ ಅಂಗಳಕ್ಕೆ ಎದುರುಬದುರು ಮನೆ, ನಡುವೆ ಒಂದು ನಲ್ಲಿ. ಕೆಟ್ಟವಳಾಗಿದ್ದರೆ ಆ ನಲ್ಲಿಯ ನೆಪದಲ್ಲೇ ಒಂದು ದಿನ ಜಗಳವಾಡಿ ಮುಗಿಸಿಬಿಡುತ್ತಿದ್ದೆ. ಆದರೆ ಅವಳು ಕೆಟ್ಟವಳಲ್ಲ, ಅದೇ ನನ್ನ ಕಷ್ಟ.

ಅವಳಿಗೆ ಊರಲ್ಲಿ ಹೆಸರು ಬಂದಿದ್ದು ಬಟ್ಟೆ ಕೊಳ್ಳುವುದರಿಂದ. ಆಡಿ ಎಂದರೆ ತಮಿಳರ ಆಷಾಢ. ಆ ತಿಂಗಳು ಬಂತೆಂದರೆ ಘಾಟಿಯ ಕೆಳಗೆ ಸತ್ಯಮಂಗಲದ ಜವಳಿ ಅಂಗಡಿಗಳು ಬಾಗಿಲ ಮೇಲೆ ಕೆಂಪು ಬೋರ್ಡು ಕಟ್ಟಿ ‘ಆಡಿ ತಳ್ಳುಪಡಿ’ ಎಂದು ರಿಯಾಯಿತಿ ಮಾರಾಟ ಶುರು ಮಾಡುತ್ತವೆ. ತಮಿಳುನಾಡಿಗೆ ಸೇರಿದರೂ ಕನ್ನಡವಾಡುವ ನಮ್ಮ ಬೆಟ್ಟದ ಹೆಂಗಸರೆಲ್ಲ ಬಸ್ಸು ಹತ್ತಿ ಇಳಿಯುತ್ತಾರೆ. ಸಂಜೆ ಬಸ್ಸು ದಿಂಬಂ ಘಾಟಿ ಹತ್ತಿ ಟೀ ಅಂಗಡಿ ಮುಂದೆ ನಿಂತಾಗ ಎಲ್ಲರೂ ಚೀಲ ಬಿಚ್ಚಿ ಅವಳ ಮುಂದೆ ಹಿಡಿಯುವರು. ‘ನೋಡಕ್ಕ, ಎಂಗದ?’ ಅವಳು ಟೀ ಲೋಟ ಕಿಟಕಿ ಕಂಬಿಯ ಮೇಲಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ಬಟ್ಟೆಯನ್ನು ಮುಷ್ಟಿಯಲ್ಲಿ ಹಿಂಡಿ ಬಿಡುವಳು. ಸುಕ್ಕು ತಾನಾಗಿ ಬಿಚ್ಚಿಕೊಂಡರೆ ‘ಬಾಳ್ತದ’ ಎನ್ನುವಳು. ಬಿಚ್ಚಿಕೊಳ್ಳದಿದ್ದರೆ ಏನೂ ಹೇಳದೆ ಮಡಿಸಿ ಕೊಡುವಳು. ಕೊಂಡವಳ ಮುಖ ಅಲ್ಲಿಗೇ ಬಾಡುವುದು. ನಾನು ಹಿಂದಿನ ಸೀಟಿನಲ್ಲಿ ಕುಳಿತು ನನ್ನ ಚೀಲವನ್ನು ಕಾಲ ಕೆಳಗೆ ತಳ್ಳಿಕೊಳ್ಳುತ್ತಿದ್ದೆ. ಮುಷ್ಟಿ ನನಗೂ ಇದೆ. ಆದರೆ ನಾನು ಹಿಂಡಿದರೆ ನೋಡುವವರು ಯಾರು?

ನಾನು ಬೋರ್ಡು ನೋಡಿ ಕೊಳ್ಳುವವಳು, ಒಪ್ಪಿಕೊಳ್ಳುತ್ತೇನೆ. ಒಂದು ಕೊಂಡರೆ ಒಂದು ಬಿಟ್ಟಿ ಎಂದರೆ ನನ್ನ ಕಾಲು ನಿಂತುಬಿಡುತ್ತದೆ. ಹಾಗೆ ತಂದ ನೈಟಿಗಳಲ್ಲಿ ಒಂದು ಮೊದಲ ಒಗೆತಕ್ಕೇ ಬಣ್ಣ ಬಿಟ್ಟು ನನ್ನ ಗಂಡನ ಬಿಳಿ ಪಂಚೆಗಳನ್ನೆಲ್ಲ ನೇರಳೆ ಮಾಡಿತು. ಅವರು ಆ ವರ್ಷವೆಲ್ಲ ಆ ಪಂಚೆಗಳನ್ನೇ ಉಟ್ಟು ಹೊಲಕ್ಕೆ ಹೋದರು, ನಾನು ನೋಡಲಿ ಎಂದೇ. ನನ್ನ ಮಗಳಿಗೆ ತಂದ ಚೂಡಿದಾರ ಕೊನೆಗೆ ಕೋಸಿನ ಮೂಟೆಗೆ ಹೊದಿಕೆಯಾಯಿತು. ದೊಡ್ಡವ್ವ ತಂದುಕೊಟ್ಟದ್ದನ್ನು ಮಾತ್ರ ಆ ಹುಡುಗಿ ತೋಳು ಬಿಗಿಯಾಗುವವರೆಗೂ ಬಿಡಲಿಲ್ಲ. ಒಗೆದು ಹರವುವಾಗ ಎರಡು ಕೈಯಲ್ಲೂ ಹಿಂಡಿ ಎಳೆದು ನೋಡಿದ್ದೇನೆ, ಒಂದಾದರೂ ಹೊಲಿಗೆ ಬಿಚ್ಚಲಿ ಎಂದು. ಬಿಚ್ಚಲಿಲ್ಲ.

ಅವಳದ್ದೇನೂ ಮಾಯಮಂತ್ರವಲ್ಲ. ಹೊಟ್ಟೆ ತುಂಬ ಉಂಡು ಹೊರಡುವಳು, ಹಸಿದವರು ಅವಸರ ಮಾಡುತ್ತಾರೆ ಎಂದು. ಜನ ಕಮ್ಮಿ ಇರುವ ದಿನ ನೋಡಿ ಹೋಗುವಳು. ಹೊರಡುವ ಮುನ್ನ ಪೆಟ್ಟಿಗೆ ತೆಗೆದು ಇರುವುದೇನು, ಇಲ್ಲದ್ದೇನು ನೋಡಿಕೊಳ್ಳುವಳು. ಅಂಗಡಿಯಲ್ಲಿ ಮಡಿಕೆ ಪೂರ್ತಿ ಬಿಚ್ಚಿಸುವಳು, ತಳ್ಳುಪಡಿಗೆ ಬಿದ್ದ ಸೀರೆ ವರ್ಷವಿಡೀ ಬೀರುವಿನಲ್ಲಿದ್ದು ಮಡಿಕೆಯ ಸಾಲಿನಲ್ಲೇ ಬಣ್ಣ ಹಾರಿರುತ್ತದೆ. ಟ್ಯೂಬ್‌ಲೈಟು ನಂಬದೆ ಬಾಗಿಲವರೆಗೆ ತಂದು ಬಿಸಿಲಲ್ಲಿ ನೋಡುವಳು. ಕೊನೆಗೆ ಒಂದು ಪ್ರಶ್ನೆ: ‘ತಳ್ಳುಪಡಿ ಇಲ್ದಿದ್ರೂ ಇದ್ನ ತಕ್ಕತಿದ್ಯಾ ಅಮ್ಮಿ?’ ಆ ಪ್ರಶ್ನೆಗೆ ನಾನು ಒಮ್ಮೆಯೂ ನಿಜ ಹೇಳಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಸಹಿಸುತ್ತಿದ್ದೆ. ನನ್ನ ಹೊಟ್ಟೆ ನಿಜಕ್ಕೂ ಉರಿದದ್ದು ಅವಳು ನನ್ನ ತವರಿನ ಉಪಾಯವನ್ನು ತನ್ನದು ಮಾಡಿಕೊಂಡಾಗ. ನಮ್ಮಲ್ಲಿ ಒಂದೇ ಮೊಳೆಗೆ ಎರಡು ಕ್ಯಾಲೆಂಡರ್ ತೂಗುತ್ತವೆ. ಒಂದು ತಮಿಳಿನದು, ಸ್ಕೂಲಿಗೆ, ಆಫೀಸಿಗೆ, ಸಂತೆಗೆ. ಇನ್ನೊಂದು ಚಾಮರಾಜನಗರದಿಂದ ತಂದ ಕನ್ನಡದ್ದು, ಹಬ್ಬಕ್ಕೆ, ಮದುವೆಗೆ. ಆಷಾಢದಲ್ಲಿ ನಾವು ಮದುವೆ ಬಟ್ಟೆ ಮುಟ್ಟುವುದಿಲ್ಲ. ತಮಿಳರೂ ಆಡಿಯಲ್ಲಿ ಮುಟ್ಟುವುದಿಲ್ಲ, ಅದಕ್ಕೇ ಅಂಗಡಿಯವರು ಬೆಲೆ ಇಳಿಸುವುದು. ಆದರೆ ಎರಡು ತಿಂಗಳೂ ಒಟ್ಟಿಗೆ ಮುಗಿಯುವುದಿಲ್ಲ. ಭೀಮನ ಅಮಾವಾಸ್ಯೆ ಕಳೆದ ಮರುದಿನ ನಮಗೆ ಶ್ರಾವಣ ಹುಟ್ಟುತ್ತದೆ, ಘಾಟಿಯ ಕೆಳಗೆ ಮಾತ್ರ ಆಡಿ ಇನ್ನೂ ನಡೆಯುತ್ತಿರುತ್ತದೆ. ಅವರಿಗೆ ತಳ್ಳುಪಡಿ, ನಮಗೆ ಶುಭ. ಹಾಸನೂರಿನ ನನ್ನ ಅವ್ವ ಮಕ್ಕಳ ಮದುವೆಯ ಸೀರೆಗಳನ್ನೆಲ್ಲ ಆ ಸಂದಿನಲ್ಲೇ ತಂದವಳು. ಹೊಸ ಸೊಸೆಯಾಗಿದ್ದಾಗ ಒಂದು ದಿನ ಅವರೆಕಾಯಿ ಸುಲಿಯುತ್ತ ಇದನ್ನು ನಾನೇ ಅಕ್ಕನಿಗೆ ಹೇಳಿದ್ದೆ. ಮಾರನೆಯ ವರ್ಷದಿಂದ ಅದು ಊರಿಗೆಲ್ಲ ‘ದೊಡ್ಡ ಸೊಸೆಯ ಲೆಕ್ಕಾಚಾರ’ ಆಯಿತು. ನನ್ನ ಅತ್ತೆಯೂ ಬಂದವರ ಮುಂದೆ ಹಾಗೆಯೇ ಕೊಂಡಾಡುವರು. ನಾನು ಕಾಫಿ ಕೊಟ್ಟು ಒಳಗೆ ಹೋಗುವೆ.

ಹೀಗಿರುವಾಗ ನನ್ನ ಮಗಳ ಮದುವೆ ಗೊತ್ತಾಯಿತು. ಗಂಡು ಗಡಿಯಾಚೆಯವನು, ಮುಹೂರ್ತ ಶ್ರಾವಣದ ಕೊನೆಗೆ. ನಮ್ಮ ಮನೆಯ ರೂಢಿಯಲ್ಲಿ ಧಾರೆ ಸೀರೆ ಹೆಣ್ಣಿನ ಕಡೆಯವರದೇ. ಅದೊಂದನ್ನು ನಾನೇ ಆರಿಸಬೇಕು ಎಂದು ಆಸೆಪಟ್ಟೆ. ಮಿಕ್ಕದ್ದೆಲ್ಲ ಯಾರಾದರೂ ತರಲಿ. ಧಾರೆ ಎರೆಯುವ ಹೊತ್ತಿಗೆ ಅವಳ ಮೈಮೇಲೆ ನಾನು ಮುಟ್ಟಿ, ನೋಡಿ, ಒಪ್ಪಿ ತಂದ ಸೀರೆ ಇರಲಿ. ಹೆತ್ತವಳಿಗೆ ಇಷ್ಟು ಆಸೆ ಹೆಚ್ಚೇ?

ಮಗಳು ಹೇಳಿದಳು, ‘ದೊಡ್ಡವ್ವ ಬರ್ಲಿ ಕಣವ್ವ. ನೀ ತಂದ್ರ ಬಣ್ಣ ಬುಡ್ತದ.’ ನಗುತ್ತಲೇ ಹೇಳಿದಳು. ಅವಳಪ್ಪನೂ ನಕ್ಕರು. ಅಂಗಳದಲ್ಲಿ ಪಾತ್ರೆ ಉಜ್ಜುತ್ತಿದ್ದ ಅಕ್ಕನೂ ನಕ್ಕು, ‘ಅಮಾಸೆ ಕಳೀಲಿ, ಮೂವರೂ ಓಗಣ’ ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಆಗಲೇ ಮನಸ್ಸಿನಲ್ಲಿ ಹಟ ತೊಟ್ಟೆ, ಅಮಾವಾಸ್ಯೆಗೆ ಮುಂಚೆ ಹೋಗಿ ತರುತ್ತೇನೆ ಎಂದು.

ಹಲ್ಲುನೋವೆಂದು ಸುಳ್ಳು ಹೇಳಿ ಒಬ್ಬಳೇ ಸತ್ಯಮಂಗಲದ ಬಸ್ಸು ಹತ್ತಿದೆ. ಹೊರಡುವಾಗ ಅಕ್ಕ ಓಡಿಬಂದು ಕೈಗೆ ಲವಂಗ ಇಟ್ಟಳು, ‘ಕಚ್ಕೊಂಡು ಓಗು, ತಿರುವಿನಲ್ಲಿ ನೋವು ಎಚ್ಚಾಯ್ತದ.’ ಅವಳ ಉಪಕಾರ ನನಗೆ ಯಾವತ್ತೂ ಇಂಥ ಹೊತ್ತಲ್ಲೇ ಬರುವುದು. ದಿಂಬಂ ಇಳಿಯುವವರೆಗೂ ಇಲ್ಲದ ನೋವಿಗೆ ಲವಂಗ ಕಚ್ಚಿಕೊಂಡು ಕುಳಿತಿದ್ದೆ.

ಅವತ್ತು ನಾನು ಕೊಂಡ ಹಾಗೆ ನನ್ನ ಜನ್ಮದಲ್ಲಿ ಕೊಂಡಿಲ್ಲ. ಬಸ್‌ಸ್ಟ್ಯಾಂಡ್ ಪಕ್ಕ ಹೊಟ್ಟೆ ತುಂಬ ಊಟ ಮಾಡಿದೆ. ಒಂದು ಕೊಂಡರೆ ಒಂದು ಬಿಟ್ಟಿ ಎಂಬ ಬೋರ್ಡಿನ ಮುಂದೆ ತಲೆ ಎತ್ತದೆ ನಡೆದೆ. ಧಾರೆ ಸೀರೆಗಳ ಕಡೆ ಕುಳಿತು ಒಂದೊಂದನ್ನೂ ಪೂರ್ತಿ ಬಿಚ್ಚಿಸಿದೆ. ಅಂಗಡಿಯ ಹುಡುಗಿ ಬೇಸತ್ತರೂ ಬಿಡಲಿಲ್ಲ. ಮುಷ್ಟಿಯಲ್ಲಿ ಹಿಂಡಿದೆ, ಬಾಗಿಲಿಗೆ ತಂದು ಬಿಸಿಲಲ್ಲಿ ಹಿಡಿದೆ, ಅಂಚಿನ ಹಿಂಬದಿಯಲ್ಲಿ ಎಳೆ ಜೋಲುತ್ತಿವೆಯೇ ಎಂದು ಉಗುರಿನಿಂದ ನೋಡಿದೆ. ಕೆನೆಬಣ್ಣದ ಮೈ, ಕುಂಕುಮದ ಅಂಚು, ಸೆರಗಿನಲ್ಲಿ ಸಣ್ಣ ಮಾವಿನಕಾಯಿ. ತಳ್ಳುಪಡಿ ಇಲ್ಲದಿದ್ದರೂ ಇದನ್ನು ಕೊಳ್ಳುತ್ತಿದ್ದೆನೇ ಎಂದು ನನ್ನನ್ನೇ ಕೇಳಿಕೊಂಡೆ. ಹೌದು ಎಂದಿತು ಮನಸ್ಸು. ನನ್ನ ವಾರಗಿತ್ತಿ ನೋಡಬೇಕಿತ್ತು ಎನಿಸಿತು. ಮರುಕ್ಷಣವೇ, ಸದ್ಯ ಅವಳಿಲ್ಲ ಎನಿಸಿತು.

ಎಲ್ಲವೂ ಸರಿಯಾಗಿತ್ತು, ತಿಂಗಳೊಂದನ್ನು ಬಿಟ್ಟು. ಅವಳಿಗಿಂತ ಮೊದಲು ಎಂಬ ಅವಸರದಲ್ಲಿ, ನನ್ನ ಅವ್ವನ ಉಪಾಯವನ್ನು ನಾನೇ ಮುರಿದು, ಹಸಿ ಆಷಾಢದಲ್ಲಿ ಮಗಳ ಧಾರೆ ಸೀರೆ ಕೊಂಡಿದ್ದೆ. ಅದು ಗೊತ್ತಿಲ್ಲದೆ ಮಾಡಿದ್ದೇನಲ್ಲ. ಅದಕ್ಕೂ ಒಂದು ದಾರಿ ಯೋಚಿಸಿದ್ದೆ. ಅಮಾವಾಸ್ಯೆ ಕಳೆಯುವವರೆಗೆ ಹುರುಳಿಯ ಡ್ರಮ್ಮಿನಲ್ಲಿ ಅಡಗಿಸುವುದು. ಮೂವರೂ ಹೋಗುವ ದಿನ ಚೀಲದ ಅಡಿಯಲ್ಲಿಟ್ಟು ಜೊತೆಗೇ ಒಯ್ಯುವುದು. ಅವರಿಬ್ಬರೂ ಕಾಫಿ ಕುಡಿಯುವಾಗ ಪಕ್ಕದ ಅಂಗಡಿಗೆ ಹೋಗಿ ಬಂದಂತೆ ಮಾಡಿ, ಈಗ ತಾನೇ ಕೊಂಡೆ ಎಂದು ಹೊರತೆಗೆಯುವುದು. ಶ್ರಾವಣದಲ್ಲಿ ಕೊಂಡದ್ದೆಂದೇ ಎಲ್ಲರೂ ನಂಬುವರು. ದೇವರು ನಂಬುತ್ತಾನೋ ಇಲ್ಲವೋ ಎಂಬುದನ್ನು ಮಾತ್ರ ಆಗ ಯೋಚಿಸಲಿಲ್ಲ.

ಅಮಾವಾಸ್ಯೆ ಕಳೆಯಿತು. ಮೂವರೂ ಹೊರಟೆವು. ಬಸ್ಸಿನಲ್ಲಿ ಮಗಳು ಕುಳಿತದ್ದು ದೊಡ್ಡವ್ವನ ಪಕ್ಕ. ತಿರುವುಗಳಲ್ಲಿ ತಲೆ ಸುತ್ತಿ ಒರಗಿದ್ದೂ ಅವಳ ಹೆಗಲಿಗೇ. ನನ್ನ ಮಡಿಲಲ್ಲಿ ಚೀಲ, ಚೀಲದಲ್ಲಿ ಮೊಸರನ್ನದ ಡಬ್ಬಿ, ಅದರ ಕೆಳಗೆ ನನ್ನ ಸೀರೆ. ಎಷ್ಟು ಬೇಕಾದರೂ ಒರಗು ಮಗಳೇ, ಸಂಜೆ ನೋಡೋಣ ಎಂದುಕೊಂಡೆ.

ಮಾಡುವುದೇನು, ಅಕ್ಕ ನೇರವಾಗಿ ನಡೆದದ್ದು ಅದೇ ಅಂಗಡಿಗೆ. ಸೀರೆ ತೋರಿಸಲು ಬಂದದ್ದೂ ಅದೇ ಹುಡುಗಿ. ನಾನು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕಂಬದ ಪಕ್ಕ ಕುಳಿತೆ. ಗಿಣಿಹಸಿರು ಅಂಚಿನ ಸೀರೆಯೊಂದು ಅಕ್ಕನ ಮನಸ್ಸಿಗೆ ಬಂತು. ಹಿಂಡಿದಳು, ಬಾಗಿಲಿಗೆ ತಂದಳು, ತಲೆದೂಗಿದಳು. ಮಗಳು ಅದನ್ನು ಹೆಗಲಿಗೆ ಹಾಕಿಕೊಂಡು ಕನ್ನಡಿಯ ಕಡೆ ಓಡಿದಳು. ಅಷ್ಟರಲ್ಲಿ ಹುಡುಗಿ ಇನ್ನೊಂದನ್ನು ಹರಡಿದಳು. ಕೆನೆಬಣ್ಣ, ಕುಂಕುಮದ ಅಂಚು, ಸಣ್ಣ ಮಾವಿನಕಾಯಿ. ನನ್ನ ಸೀರೆಯ ಜೋಡಿ. ಅದನ್ನು ಹರಡಿದವಳೇ ನನ್ನ ಮುಖ ನೋಡಿ ತಮಿಳಿನಲ್ಲಿ ಕೇಳಿಬಿಟ್ಟಳು, ‘ಅಕ್ಕಾ, ಹೋದ ವಾರ ನೀವು ಇದನ್ನೇ ತಗೊಂಡ್ರಲ್ಲ? ಇನ್ನೊಂದು ಬೇಕಾ?’

ನಾನು ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ. ಅಕ್ಕನಿಗೆ ತಮಿಳು ನನಗಿಂತ ಚೆನ್ನಾಗಿ ಬರುತ್ತದೆ. ಅವಳು ನನ್ನ ಕಡೆ ತಿರುಗಲೂ ಇಲ್ಲ. ‘ಬೇರೆ ಯಾರೋ ಇರಬೇಕಮ್ಮ, ಒಂದೇ ಥರದ ಮುಖ ಎಷ್ಟಿಲ್ಲ’ ಎಂದು ತಮಿಳಿನಲ್ಲೇ ಹೇಳಿ ಹುಡುಗಿಯ ಬಾಯಿ ಮುಚ್ಚಿಸಿದಳು. ಹುಡುಗಿಗೇ ಗುರುತು ತಪ್ಪಿದೆ ಎಂದು ಅಕ್ಕ ನಂಬಿದಳು ಅಂದುಕೊಂಡು ನಾನು ಉಸಿರು ಬಿಟ್ಟೆ.

ಆಮೇಲೆ ಅವಳು ಆ ಕುಂಕುಮದ ಅಂಚಿನ ಸೀರೆಯನ್ನು ಕೈಗೆತ್ತಿಕೊಂಡಳು. ಬಾಗಿಲವರೆಗೆ ಒಯ್ದು ಬಿಸಿಲಲ್ಲಿ ಬಹಳ ಹೊತ್ತು ನೋಡಿದಳು. ತಿರುಗಿ ಬಂದು ಮಗಳ ಹೆಗಲ ಮೇಲಿನ ಹಸಿರು ಅಂಚಿನದನ್ನು ಮೆಲ್ಲಗೆ ತೆಗೆದು ಇದನ್ನು ಹಾಕಿದಳು. ‘ಇದೇ ಇರ್ಲಿ ಕಣವ್ವ.’

‘ಅದು ಚಂದಾಗಿತ್ತಲ್ಲ ದೊಡ್ಡವ್ವ?’

‘ಇದು ಅದ್ಕಿಂತ ಚಂದಾಗದ. ನೋಡು.’

ಮಗಳು ಕನ್ನಡಿ ನೋಡಿದಳು. ಅವಳ ಮುಖ ಅರಳಿದ್ದನ್ನು ನಾನು ಕಂಬದ ಪಕ್ಕದಿಂದ ನೋಡಿದೆ. ‘ನೀ ಆರ್ಸಿದ್ಮೇಲೆ ಮುಗೀತು ಬುಡು’ ಎಂದು ದೊಡ್ಡವ್ವನ ಕೈ ಹಿಡಿದುಕೊಂಡಳು. ಆ ಮುಖ ನನಗೆ ಸಲ್ಲಬೇಕಿತ್ತು. ಅದೇ ಸೀರೆ ನನ್ನ ಚೀಲದಲ್ಲಿ ಮೊಸರನ್ನದ ಕೆಳಗಿತ್ತು. ಮೊದಲು ಕಂಡವಳು ನಾನು, ಮೊದಲು ಹಿಂಡಿದವಳು ನಾನು. ಎಷ್ಟೋ ಸೀರೆಗಳಿರುವ ಅಂಗಡಿಯಲ್ಲಿ ಅವಳ ಕೈ ಅದಕ್ಕೇ ಹೋಗಬೇಕೇ? ನನ್ನ ಅವ್ವನ ಉಪಾಯ ನುಂಗಿದಳು, ನನ್ನ ಮಗಳನ್ನು ಪಕ್ಕಕ್ಕೆ ಎಳೆದುಕೊಂಡಳು, ಈಗ ನನ್ನ ಸೀರೆಯೂ ಅವಳದ್ದಾಯಿತು. ಬಾಯಿಬಿಟ್ಟು ಹೇಳುವಂತೆಯೂ ಇಲ್ಲ, ಹೇಳಿದರೆ ಆಷಾಢ ಹೊರಗೆ ಬೀಳುತ್ತದೆ. ಅವತ್ತು ದಾರಿಯುದ್ದಕ್ಕೂ ಅವಳ ಬೆನ್ನನ್ನು ದಿಟ್ಟಿಸಿಕೊಂಡೇ ಬಂದೆ. ಕಣ್ಣಿಗೆ ಸುಡುವ ಶಕ್ತಿ ಇದ್ದಿದ್ದರೆ ಅವಳ ಕುಪ್ಪಸ ಹೊಗೆಯಾಡುತ್ತಿತ್ತು.

ನನ್ನ ಸೀರೆ ಮತ್ತೆ ಹುರುಳಿಯೊಳಗೆ ಹೋಯಿತು.

ಅಕ್ಕ ಆರಿಸಿದ ಸೀರೆಗೆ ಫಾಲ್ ಹೊಲಿಸಿ ಕುಚ್ಚು ಕಟ್ಟಿಸಲು ತಾಳವಾಡಿಯ ದರ್ಜಿಗೆ ಕೊಟ್ಟುಬರುವ ಕೆಲಸ ನನ್ನ ಪಾಲಿಗೆ ಬಂತು. ಬಾಗಿಲು ಹಾಕಿಕೊಂಡು ಎರಡನ್ನೂ ಹಾಸಿಗೆಯ ಮೇಲೆ ಅಕ್ಕಪಕ್ಕ ಹರಡಿದೆ. ಎಳೆಗೆ ಎಳೆ ಒಂದೇ. ನನ್ನದನ್ನು ಕೊಟ್ಟು ಅವಳದನ್ನು ಡ್ರಮ್ಮಿಗೆ ಹಾಕಿದರೆ ಯಾರಿಗೂ ತಿಳಿಯುವುದಿಲ್ಲ. ಧಾರೆಯ ಹೊತ್ತಿಗೆ ನನ್ನ ಸೀರೆಯೇ ಮಗಳ ಮೈಮೇಲೆ ಇರುತ್ತದೆ, ನನಗೊಬ್ಬಳಿಗೆ ಗೊತ್ತಿದ್ದರೆ ಸಾಕು. ನನ್ನದನ್ನು ಮಡಿಸಿ ಚೀಲಕ್ಕೆ ಹಾಕಿಯೂ ಆಯಿತು. ಬಾಗಿಲು ತೆಗೆದರೆ ಎದುರಿಗೆ ಗೋಡೆಯ ಮೇಲೆ ಆ ಎರಡು ಕ್ಯಾಲೆಂಡರ್. ಆಷಾಢದ ಬಟ್ಟೆ ಹೊಸ ಮದುಮಗಳಿಗೆ ಆಗಿಬರುವುದಿಲ್ಲ ಎಂದು ಅತ್ತೆ ಹೇಳುವ ಮಾತು ನೆನಪಾಯಿತು. ನಾನು ಅದನ್ನು ಅಷ್ಟೇನೂ ನಂಬುವವಳಲ್ಲ. ಆದರೆ ನಾಳೆ ಆ ಹುಡುಗಿಗೆ ಒಂದು ತಲೆನೋವು ಬಂದರೂ ನಾನು ನಿದ್ದೆಗೆಟ್ಟು ಈ ಸೀರೆಯನ್ನೇ ನೆನೆಯುತ್ತೇನೆ. ಹಲ್ಲು ಕಚ್ಚಿಕೊಂಡು ನನ್ನದನ್ನು ಹೊರತೆಗೆದು ವಾರಗಿತ್ತಿಯ ಸೀರೆ ಚೀಲಕ್ಕೆ ಹಾಕಿಕೊಂಡೆ.

ಮದುವೆಯ ದಿನ ಬೆಳಿಗ್ಗೆ ಮಂಟಪದ ಕೋಣೆಯಲ್ಲಿ ನಾನು ತಲೆ ಬಾಚಿಕೊಳ್ಳುತ್ತಿದ್ದೆ. ಹಿಂದಿನ ಯಾವುದೋ ತಳ್ಳುಪಡಿಯಲ್ಲಿ ತಂದ ನೇರಳೆ ಸೀರೆ ಉಟ್ಟಿದ್ದೆ. ಮಗಳನ್ನು ಆಗಲೇ ಸಿಂಗರಿಸಿ ಹೊರಗೆ ಕರೆದೊಯ್ದಿದ್ದರು. ಅಕ್ಕ ಒಳಗೆ ಬಂದು ಬಾಗಿಲ ಚಿಲಕ ಹಾಕಿದಳು. ಕೈಯಲ್ಲಿ ಒಂದು ಚೀಲ.

‘ನಿನ್ ಅಲ್ಲುನೋವು ವಾಸಿಯಾಯ್ತಾ ಅಮ್ಮಿ?’ ಅಂದಳು.

ಚೀಲದಿಂದ ನನ್ನ ಸೀರೆ ತೆಗೆದಳು. ಮದುವೆ ಮನೆಯ ಸಾರಿಗೆ ಹುರುಳಿ ಅಳೆಯಲು ನಮ್ಮ ಡ್ರಮ್ಮಿಗೆ ಕೈ ಹಾಕಿದ್ದಳಂತೆ. ಮಡಿಕೆಯ ಸಂದಿನಿಂದ ಇನ್ನೂ ಒಂದೆರಡು ಕಾಳು ಉದುರಿದವು. ನನ್ನ ಕೆಂಪು ಕುಪ್ಪಸವನ್ನೂ ಹುಡುಕಿ ತಂದಿದ್ದಳು. ಈಗ ಹೇಳಿಕೊಂಡು ನಗುತ್ತಾಳೆ, ಹೊರಗೆ ಹೋಗಿ ಅತ್ತೆಗೂ ಹೇಳುತ್ತಾಳೆ ಎಂದು ಗೋಡೆಗೆ ಆನಿಕೊಂಡೆ.

ಅವಳು ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟಳು. ಸುಕ್ಕು ತಾನಾಗಿ ಬಿಚ್ಚಿಕೊಂಡಿತು.

‘ಆ ಉಡುಗಿ ಅಂಗಡೀಲಿ ಬಾಯಿ ಬುಟ್ಟಾಗ್ಲೇ ಗೊತ್ತಾಯ್ತು ಕಣಮ್ಮಿ. ನಾ ಅಸುರು ಅಂಚಿಂದೇ ತಕ್ಕತಿದ್ದೆ. ನೀ ಆರ್ಸಿರದು ಅಂದ್ಮೇಲೆ ಇದ್ನ ಬಿಸಲ್ಗ ಇಡ್ದು ನೋಡ್ದೆ. ನನ್ನ ಆಯ್ಕೆಗಿಂತ ಚಂದಾಗಿತ್ತು. ಆಸಾಡದ್ದು ಮಗೀಗ ಬ್ಯಾಡ, ಅದ್ಕೇ ಅದ್ರ ಜೋಡಿ ತಕ್ಕಂಡೆ. ಮಗು ಉಟ್ಟಿರದು ನೀ ಆರ್ಸಿದ್ದೇ. ನೀ ಇದ್ನ ಉಟ್ಕೊ, ನಮ್ಮಂತೋರ್ಗ ಯಾವ ಆಸಾಡ?’

ನನ್ನ ಆಯ್ಕೆಗಿಂತ ಚಂದಾಗಿತ್ತು. ಈ ಒಂದು ಮಾತಿಗಾಗಿ ನಾನು ಎಷ್ಟು ವರ್ಷ ಬಸ್ಸಿನ ಹಿಂದಿನ ಸೀಟಿನಲ್ಲಿ ಕಾದಿದ್ದೆ! ಅದು ಬಂದದ್ದು ಚಿಲಕ ಹಾಕಿದ ಕೋಣೆಯಲ್ಲಿ, ಕೇಳಲು ಒಬ್ಬರೂ ಇಲ್ಲದಾಗ. ಖುಷಿಯಾಗಬೇಕಿತ್ತು, ಆಯಿತು ಕೂಡ. ಆದರೆ ಅದರ ಹಿಂದೆಯೇ ಹಳೆಯ ಉರಿ ಎದ್ದಿತು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಆ ಹಸಿರು ಅಂಚಿನ ಸೀರೆಯನ್ನು ಕೈಬಿಡುತ್ತಿರಲಿಲ್ಲ. ಹುಡುಗಿಯ ಬಾಯಿ ಮುಚ್ಚಿಸುವುದಿರಲಿ, ಇನ್ನೊಮ್ಮೆ ಜೋರಾಗಿ ಹೇಳಮ್ಮ ಎನ್ನುತ್ತಿದ್ದೆ. ಹಿಂಡಿ ನೋಡುವುದನ್ನು, ಬಿಸಿಲಿಗೆ ಹಿಡಿಯುವುದನ್ನು ಅವಳಿಂದ ಕದ್ದು ಕಲಿತೆ. ಇದನ್ನು ಹೇಗೆ ಕಲಿಯಲಿ? ಇಷ್ಟು ಸಲೀಸಾಗಿ ಒಳ್ಳೆಯವಳಾಗುತ್ತಾಳಲ್ಲ ಎಂದು ಅವಳು ನೆರಿಗೆ ಹಿಡಿದು ಕೊಡುತ್ತಿರುವಾಗಲೂ ಹೊಟ್ಟೆ ಉರಿಯಿತು.

ಹೊರಗೆ ಬಂದಾಗ ಮಗಳು ನನ್ನನ್ನು ನೋಡಿ, ‘ಅವ್ವಾ, ನಂದೇ ಸೀರೆ!’ ಎಂದು ಕೂಗಿದಳು. ‘ನಿಮ್ಮವ್ವನ್ಗೂ ಒಂದು ತಕ್ಕಂಡಿದ್ದೆ ಕಣವ್ವ’ ಎಂದು ಅಕ್ಕ ಹೇಳಿಬಿಟ್ಟಳು. ಧಾರೆಯಾಯಿತು. ಮಗಳ ಕೈಯ ಮೇಲೆ ಹಾಲು ಎರೆಯುವಾಗ ಎರಡು ಕುಂಕುಮದ ಅಂಚುಗಳು ಒಂದಕ್ಕೊಂದು ತಾಗಿದ್ದವು, ಯಾವುದು ಯಾರದೆಂದು ಗೊತ್ತಾಗದ ಹಾಗೆ. ಫೋಟೊ ತೆಗೆಯುವಾಗ ಗಂಡಿನ ತಾಯಿ ಬಂದು ನನ್ನ ಸೆರಗನ್ನೂ ಮಗಳ ಸೆರಗನ್ನೂ ಮುಟ್ಟಿ ನೋಡಿ, ‘ಎಷ್ಟು ಒಪ್ಪವಾಗದ! ಯಾರು ಆರ್ಸಿದ್ದು ಬೀಗಿತ್ತಿಯವ್ರೇ?’ ಎಂದು ಕೇಳಿದರು.

ಮಗಳು ಬಾಯಿ ತೆರೆಯುವವಳಿದ್ದಳು. ಅಕ್ಕ ನನ್ನ ಪಕ್ಕದಲ್ಲೇ ನಿಂತು ನೆಲ ನೋಡುತ್ತಿದ್ದಳು. ನಾನೇ ಎಂದರೂ ಆಷಾಢದ ಗುಟ್ಟು ಅವಳ ಬಾಯಿಂದ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

‘ನಮ್ಮಕ್ಕ’ ಅಂದೆ ನಾನು. ಹೊಟ್ಟೆ ಉರಿಯುತ್ತಲೇ ಇತ್ತು.